ಪದಚರ್ಚೆ: ಫೋಟೋ ‘ಕ್ರಾಪ್’ ಮಾಡುವುದಕ್ಕೆ ನಿಮ್ಮಲ್ಲಿ ಏನು ಹೇಳುತ್ತೀರಿ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳುವುದಕ್ಕೆ ಬರೆಯುತ್ತಿದ್ದೇನೆ. ಮೊದಲು ಸಂದರ್ಭ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ಕತ್ತರಿಸು ಅಂತ ಇದೆಯಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಆ ಉತ್ತರ ಸಾಲುವುದಿಲ್ಲ ಅನ್ನುವುದೇ ನನ್ನ ತೊಂದರೆ.

ಸಾಗರ ತಾಲೂಕಿನ ನಮ್ಮೂರಿನಲ್ಲಿ ಶನಿವಾರ ಮಧ್ಯಾಹ್ನ ಎಂಟು ಹತ್ತು ಜನ ಸೇರುತ್ತೇವೆ. ಗಿಂಪ್ ತಂತ್ರಾಂಶದಲ್ಲಿ ಫೋಟೋ ಸರಿಮಾಡುವುದು, ಅದರ ಮೇಲೆ ಕನ್ನಡ ಅಕ್ಷರ ಕೂರಿಸುವುದು, ಇಷ್ಟನ್ನು ನಾನು ಹೇಳಿಕೊಡುತ್ತೇನೆ. ಗಿಂಪ್ ಯಾಕೆ ಅಂದರೆ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಸಂಘದ ಹೆಂಗಸರು ಮಿಡಿ ಉಪ್ಪಿನಕಾಯಿ ಬಾಟಲಿಗೆ ಲೇಬಲ್ ಮಾಡಿಕೊಳ್ಳಬೇಕು ಎಂದು ಬರುತ್ತಾರೆ. ಯಕ್ಷಗಾನ ಆಟ ಆಡಿಸುವ ಹುಡುಗರಿಗೆ ಪೋಸ್ಟರ್ ಬೇಕು. ನಿವೃತ್ತ ಮೇಷ್ಟ್ರೊಬ್ಬರಿಗೆ ತಮ್ಮ ತಂದೆಯ ಹಳೆಯ ಫೋಟೋದ ಮೇಲಿನ ಕಲೆ ತೆಗೆಯಬೇಕು. ಇವರಿಗಾಗಿ ಕನ್ನಡದಲ್ಲೇ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೂರನೇ ಪುಟದಲ್ಲೇ ನಿಂತಿದೆ.

ಆ ಪುಟದಲ್ಲಿರುವುದು ಅರ್ಜಿಗೆ ಅಂಟಿಸುವ ಫೋಟೋ. 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರ. 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಲೆಕ್ಕಕ್ಕೆ ಸುಮಾರು 413 ಪಿಕ್ಸೆಲ್, 531 ಪಿಕ್ಸೆಲ್. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಗೋಡೆ, ಕಿಟಕಿ, ಪಕ್ಕದವರ ಭುಜ ಎಲ್ಲಾ ಇರುತ್ತದೆ. ಮುಖ ಮತ್ತು ಹೆಗಲಿನಷ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು. ಇದೇ ಇಂಗ್ಲಿಷಿನ ‘ಕ್ರಾಪ್’. ಮೊದಲ ಕರಡಿನಲ್ಲಿ ‘ಮುಖದ ಸುತ್ತ ಚೌಕ ಎಳೆದು ಕತ್ತರಿಸಿ’ ಎಂದು ಬರೆದಿದ್ದೆ. ಸಂಘದ ಒಬ್ಬರು ಹಾಗೇ ಮಾಡಿದರು. ಚೌಕ ಎಳೆದರು, ಎಡಿಟ್ ಮೆನುವಿಗೆ ಹೋಗಿ ಕತ್ತರಿಯ ಗುರುತು ಇರುವ ‘ಕಟ್’ ಒತ್ತಿದರು. ಮುಖ ಹೋಯಿತು, ಗೋಡೆ ಉಳಿಯಿತು! ಅವರು ತಮ್ಮದೇ ತಪ್ಪು ಅಂದುಕೊಂಡು ಕೈ ಹಿಂದಕ್ಕೆ ತೆಗೆದರು, ಆಮೇಲೆ ಅರ್ಧ ಗಂಟೆ ಮೌಸ್ ಮುಟ್ಟಲಿಲ್ಲ. ತಪ್ಪು ಅವರದಲ್ಲ, ನಾನು ಕೊಟ್ಟ ಪದದ್ದು. ಕತ್ತರಿಸು ಅಂದರೆ ಕನ್ನಡದಲ್ಲಿ ಚೌಕದ ಒಳಗಿನದನ್ನು ಕತ್ತರಿಸುವುದೂ ಆಗುತ್ತದೆ, ಹೊರಗಿನದನ್ನು ಕತ್ತರಿಸುವುದೂ ಆಗುತ್ತದೆ. ಇಲ್ಲಿ ಎರಡೂ ಒಂದಕ್ಕೊಂದು ಪೂರಾ ಉಲ್ಟಾ ಕೆಲಸ.

ಇನ್ನೊಂದು ವಿಷಯ. ಈಗಿನ ಗಿಂಪ್‌ನಲ್ಲೂ ಫೋಟೋಶಾಪ್‌ನಲ್ಲೂ ಹೊರಗೆ ಉಳಿದ ಪಿಕ್ಸೆಲ್‌ಗಳನ್ನು ಅಳಿಸದೆ ಹಾಗೇ ಮರೆಯಲ್ಲಿ ಇಟ್ಟುಕೊಳ್ಳುವ ಆಯ್ಕೆ ಇದೆ. ಆಗ ಏನನ್ನೂ ಕತ್ತರಿಸಿಯೇ ಇರುವುದಿಲ್ಲ. ನೋಡುವ ಚೌಕಟ್ಟು ಮಾತ್ರ ಚಿಕ್ಕದಾಗಿರುತ್ತದೆ. ಫೋಟೋಶಾಪ್‌ನ ಈ ಸಲಕರಣೆಯ ಗುರುತೂ ಕತ್ತರಿಯಲ್ಲ, ಬಡಗಿಯ ಮೂಲೆಮಟ್ಟದ ಹಾಗೆ ಬಾಗಿದ ಎರಡು ಮೂಲೆಗಳು. ಹಿಂದೆ ಪತ್ರಿಕೆಗಳಲ್ಲಿ ಚಿತ್ರ ಆರಿಸುವವರು ಅದೇ ಆಕಾರದ ಎರಡು ರಟ್ಟಿನ ತುಂಡುಗಳನ್ನು ಫೋಟೋದ ಮೇಲಿಟ್ಟು, ಹತ್ತಿರ ತಂದು ದೂರ ಸರಿಸಿ, ಎಷ್ಟು ಬೇಕು ಎಂದು ನೋಡುತ್ತಿದ್ದರು. ಫೋಟೋಗೆ ಕತ್ತರಿ ತಾಗುತ್ತಲೇ ಇರಲಿಲ್ಲ.

ಹಾಗಾದರೆ ‘ಕ್ರಾಪ್’ ಅಂತಲೇ ಇಟ್ಟುಕೊಳ್ಳಬಹುದಲ್ವಾ? ಬಹುದು. ಇದು ನಮಗೆ ಹೊಸ ಮಾತೇನೂ ಅಲ್ಲ. ನಮ್ಮ ಅಜ್ಜಂದಿರ ಕಾಲದಲ್ಲೇ ಜುಟ್ಟು ತೆಗೆಸಿ ‘ಕ್ರಾಪು’ ಬಿಟ್ಟವರಿದ್ದರು. ‘ಕ್ರಾಪು ಬಾಚಿಕೋ’ ಎಂದು ಬೈಸಿಕೊಂಡು ಬೆಳೆದವರು ನಾವು. ತರಗತಿಯಲ್ಲಿ ಮೇಷ್ಟ್ರು ಇದನ್ನೇ ಹಿಡಿದರು: ‘ಕ್ಷೌರದವನು ತಲೆ ಬಿಟ್ಟು ಸುತ್ತ ಇರುವುದನ್ನು ತೆಗೆಯುತ್ತಾನೆ, ಇದೂ ಹಾಗೇ ತಾನೇ?’ ಅಷ್ಟು ಹೇಳಿದ ಮೇಲೆ ಯಾರೂ ಮುಖ ಕತ್ತರಿಸಲಿಲ್ಲ. ಆದರೆ ಇಪ್ಪತ್ತರ ಹುಡುಗರಿಗೆ ಕ್ರಾಪು ಅನ್ನುವ ಮಾತು ಗೊತ್ತಿಲ್ಲ, ಅವರಿಗೆ ಗೊತ್ತಿರುವುದು ‘ಹೇರ್ ಕಟ್’. ಅಂದರೆ ಅವರಿಗೆ ಮತ್ತೆ ಕಟ್ ಬಂತು.

ಒಂದು ಆ್ಯಪಿನ ಯಂತ್ರಾನುವಾದದಲ್ಲಿ ಇದೇ ಗುಂಡಿಯ ಕೆಳಗೆ ‘ಬೆಳೆ’ ಎಂದು ಬಂದದ್ದನ್ನು ನೋಡಿದ್ದೇನೆ. ಹೊಲದ ಬೆಳೆ! ಓದಿ ಬೇಜಾರಾಯಿತು, ಆದರೆ ಯೋಚನೆಯೂ ಬಂತು. ಇಂಗ್ಲಿಷಿನಲ್ಲಿ ಆ ಎರಡೂ ಅರ್ಥ ಬೇರೆ ಬೇರೆ ಕಡೆಯಿಂದ ಬಂದದ್ದಲ್ಲ. ಗಿಡದ ತುದಿ, ತೆನೆ ಎನ್ನುವುದು ಆ ಪದದ ಹಳೆಯ ಅರ್ಥ. ತೆನೆ ತೆಗೆಯುವುದರಿಂದ ಒಂದು ಕಡೆ ‘ಬೆಳೆ’ ಆಯಿತು, ಇನ್ನೊಂದು ಕಡೆ ‘ತುದಿ ಕತ್ತರಿಸು’ ಆಯಿತು. ನಮ್ಮಲ್ಲಿ ಇದಕ್ಕೆ ಸರಿಸಾಟಿ ‘ಕೊಯ್ಯು’. ಅಡಿಕೆ ಕೊನೆ ಕೊಯ್ಯುತ್ತೇವೆ, ಹೂವು ಕೊಯ್ಯುತ್ತೇವೆ. ಕೊಯ್ಲು ಅಂದರೆ ಬೇಕಾದ್ದನ್ನು ತೆಗೆದುಕೊಂಡು ಬೇಡದ್ದನ್ನು ಮರದಲ್ಲೇ ಬಿಡುವುದು. ಅರ್ಥದ ಲೆಕ್ಕದಲ್ಲಿ ಇದಕ್ಕಿಂತ ಹತ್ತಿರದ ಪದ ಸಿಗುವುದಿಲ್ಲ. ಆದರೆ ಮನುಷ್ಯನ ಫೋಟೋ ಮುಂದಿಟ್ಟುಕೊಂಡು ‘ಕೊಯ್ಯಿರಿ’ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಕತ್ತು ಕೊಯ್ಯುವುದೇ ನೆನಪಾಗುತ್ತದೆ.

ಈಗ ನನ್ನ ಮನಸ್ಸಿನಲ್ಲಿ ಇರುವುದು ‘ಸವರು’. ಮಲೆನಾಡಿನಲ್ಲಿ ಸೊಪ್ಪಿನಬೆಟ್ಟದಲ್ಲಿ ಮರ ಸವರುತ್ತೇವೆ, ಬೇಲಿ ಸವರುತ್ತೇವೆ, ದಾರಿಗೆ ಬಾಗಿದ ಕೊಂಬೆ ಸವರುತ್ತೇವೆ. ಮರ ಉಳಿಯಬೇಕು, ಸುತ್ತ ಚಾಚಿದ್ದು ಹೋಗಬೇಕು. ಕತ್ತರಿಸುವುದರಲ್ಲಿ ಇಲ್ಲದ ಈ ಕಾಳಜಿ ಸವರುವುದರಲ್ಲಿ ಇದೆ. ಹುಡುಗರಿಗೂ ಗೊತ್ತು, ಹಿರಿಯರಿಗೂ ಗೊತ್ತು.

ತೊಡಕು ಏನೆಂದರೆ, ಸವರುವುದಕ್ಕೆ ಇನ್ನೊಂದು ಅರ್ಥ ಇದೆ. ತಲೆಗೆ ಎಣ್ಣೆ ಸವರು, ರೊಟ್ಟಿಗೆ ತುಪ್ಪ ಸವರು, ಬೆನ್ನು ಸವರು. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಆ ಅರ್ಥದ ಕೆಲಸವೂ ಇದೆ. ಕುಂಚದಿಂದ ಬಣ್ಣ ಹಚ್ಚುವುದು ಇದೆ. ‘ಸ್ಮಜ್’ ಅನ್ನುವ ಸಲಕರಣೆ ಇದೆ, ಒದ್ದೆ ಬಣ್ಣದ ಮೇಲೆ ಬೆರಳಾಡಿಸಿದ ಹಾಗೆ ಆಗುತ್ತದೆ. ಅದರ ಗುರುತೂ ಒಂದು ಬೆರಳೇ. ‘ಸವರಿ’ ಎಂದು ಮಾತ್ರ ಬರೆದರೆ ಒಬ್ಬರು ಮುಖ ಉಳಿಸುತ್ತಾರೆ, ಇನ್ನೊಬ್ಬರು ಮುಖದ ಮೇಲೆ ಬೆರಳಾಡಿಸುತ್ತಾರೆ. ಅದಕ್ಕೆ ನಾನು ಹೀಗೆ ಮಾಡಿದ್ದೇನೆ: ಕ್ರಾಪ್‌ಗೆ ‘ಅಂಚು ಸವರು’, ಕುಂಚಕ್ಕೆ ‘ಬಳಿ’, ಸ್ಮಜ್‌ಗೆ ‘ತೀಡು’. ಕಣ್ಣಿಗೆ ಕಾಡಿಗೆ ತೀಡುವುದು ಬೆರಳಿನಿಂದಲೇ ಅಲ್ವಾ? ತೀಡು ಬಗ್ಗೆ ನನಗೆ ಅನುಮಾನವೇ ಇಲ್ಲ. ‘ಅಂಚು ಸವರು’ ಬಗ್ಗೆ ಇದೆ, ಅದಕ್ಕೇ ಇಲ್ಲಿ ಕೇಳುತ್ತಿರುವುದು.

ಇಷ್ಟು ಬರೆದ ಮೇಲೆ ಉಳಿದ ಕೆಲವು ಪದಗಳನ್ನೂ ಹೇಳಿಬಿಡುತ್ತೇನೆ. ಒಪ್ಪದಿದ್ದರೆ ದಯವಿಟ್ಟು ಹೇಳಿ.

‘ಎಡಿಟ್’ಗೆ ನಾನು ‘ಸಂಪಾದಿಸು’ ಬಳಸುತ್ತಿಲ್ಲ. ಪತ್ರಿಕೆಗೆ ಸಂಪಾದಕರಿದ್ದಾರೆ, ಕನ್ನಡ ವಿಕಿಪೀಡಿಯದ ಪುಟದ ಮೇಲೂ ‘ಸಂಪಾದಿಸಿ’ ಎಂದೇ ಇದೆ, ಅಲ್ಲಿ ಅದು ಚೆನ್ನಾಗಿ ನೆಲೆಯಾಗಿದೆ. ಆದರೆ ‘ಫೋಟೋ ಸಂಪಾದಿಸಿ’ ಎಂದರೆ ನಮ್ಮವರು ಎಲ್ಲಿಂದಾದರೂ ಒಂದು ಫೋಟೋ ಗಿಟ್ಟಿಸಿಕೊಂಡು ಬರುತ್ತಾರೆ. ‘ತಿದ್ದು’ ಎಷ್ಟು ಒಳ್ಳೆಯ ಪದ ನೋಡಿ. ತಪ್ಪು ತಿದ್ದುತ್ತೇವೆ, ಕರಡು ತಿದ್ದುತ್ತೇವೆ, ಹುಬ್ಬು ತಿದ್ದುತ್ತೇವೆ. ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ತಿದ್ದಿಸುತ್ತೇವೆ. ಸರಿಪಡಿಸುವುದು, ಅಂದ ಮಾಡುವುದು, ಕಲಿಯುವುದು ಮೂರೂ ಒಂದೇ ಪದದಲ್ಲಿ ಇದೆ. ಚಿತ್ರಕ್ಕೂ ಹೊಂದುತ್ತದೆ, ಬರಹಕ್ಕೂ ಹೊಂದುತ್ತದೆ.

‘ಲೇಯರ್’ಗೆ ಎಲ್ಲರೂ ‘ಪದರ’ ಎನ್ನುತ್ತಾರೆ. ನಾನೂ ಹಾಗೇ ಶುರು ಮಾಡಿದೆ. ಆದರೆ ಚಿರೋಟಿಯ ಪದರ, ಈರುಳ್ಳಿಯ ಪದರ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ನಡುವಿನದನ್ನು ಎಳೆದು ಮೇಲಕ್ಕೆ ಇಡಲಾಗುವುದಿಲ್ಲ. ತಂತ್ರಾಂಶದಲ್ಲಿ ಅದನ್ನೇ ಮಾಡಬೇಕು. ಒಂದು ದಿನ ಫೋಟೋದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಮಾರ್ಕರ್‌ನಲ್ಲಿ ಹೆಸರು ಬರೆದು, ಹಾಳೆಯನ್ನು ಆಚೆ ಈಚೆ ಸರಿಸಿ ತೋರಿಸಿದೆ. ಅವತ್ತಿನಿಂದ ನಮ್ಮ ತರಗತಿಯಲ್ಲಿ ಅದು ‘ಹಾಳೆ’. ‘ಹೆಸರಿನ ಹಾಳೆ ಮೇಲೆ ತನ್ನಿ’, ‘ಹಿನ್ನೆಲೆಯ ಹಾಳೆ ಮುಚ್ಚಿಡಿ’. ನಾನು ಕಲಿಸಿದ ಪದ ಅಲ್ಲ ಅದು, ಅವರೇ ಆಡಿದ್ದು. ಫೋಟೋಶಾಪ್ 1990ರಲ್ಲಿ ಬಂದರೂ ಅದರಲ್ಲಿ ಹಾಳೆಗಳು ಬಂದದ್ದು 1994ರಲ್ಲಿ, ಮೂರನೇ ಆವೃತ್ತಿಯಲ್ಲಿ. ಅಲ್ಲಿಯತನಕ ಚಿತ್ರದ ಮೇಲೆ ಹಾಕಿದ್ದು ಚಿತ್ರಕ್ಕೇ ಅಂಟಿಬಿಡುತ್ತಿತ್ತು.

‘ಅಪಾಸಿಟಿ’, ಅಂದರೆ ಒಂದು ಹಾಳೆ ತನ್ನ ಹಿಂದಿನದನ್ನು ಎಷ್ಟು ಮರೆಮಾಡುತ್ತದೆ ಎನ್ನುವುದು, ಹೆಚ್ಚು ಕಾಡಿದ ಪದ. ಸುಮ್ನೆ ‘ಪಾರದರ್ಶಕತೆ’ ಎಂದು ಬರೆಯುವವರಿದ್ದಾರೆ. ಅದು ತಿರುಗುಮುರುಗು. ಅಲ್ಲಿ 100 ಅಂದರೆ ಹಿಂದಿನದು ಏನೂ ಕಾಣುವುದಿಲ್ಲ, 0 ಅಂದರೆ ಆ ಹಾಳೆಯೇ ಕಾಣುವುದಿಲ್ಲ. ‘ಅಪಾರದರ್ಶಕತೆ’ ಎಂದರೆ ಅರ್ಥ ಸರಿ, ಆದರೆ ಮೊದಲ ಅಕ್ಷರ ಗಮನಿಸದೆ ಓದಿದರೆ ಎಲ್ಲಾ ಹೋಯಿತು. ನಾನು ‘ದಟ್ಟ’ ಎಂದು ಬರೆದಿದ್ದೇನೆ. ‘ದಟ್ಟ 100’, ‘ದಟ್ಟ 40ಕ್ಕೆ ಇಳಿಸಿ’. ಮಜ್ಜಿಗೆ ದಟ್ಟ, ತೆಳು ಎಂದು ತಿಳಿದವರಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

‘ಎಕ್ಸ್‌ಪೋರ್ಟ್’ಗೆ ‘ರಫ್ತು’ ಎಂದು ಓದಿದಾಗ ನಮ್ಮ ಕಡೆಯವರಿಗೆ ಅಡಿಕೆಯೇ ಕಣ್ಣಿಗೆ ಬರುತ್ತದೆ. 2012ರಲ್ಲಿ ಬಂದ 2.8 ಆವೃತ್ತಿಯಿಂದ ಗಿಂಪ್‌ನಲ್ಲಿ ‘ಸೇವ್’ ಮಾಡಿದರೆ ಅದರದೇ ಎಕ್ಸ್‌ಸಿಎಫ್ ಕಡತ ಮಾತ್ರ ಆಗುತ್ತದೆ. ಬೇರೆ ಕಡೆಯೂ ತೆರೆಯುವ ಜೆಪೆಗ್, ಪಿಎನ್‌ಜಿ ಕಡತ ಬೇಕೆಂದರೆ ಎಕ್ಸ್‌ಪೋರ್ಟ್ ಮಾಡಬೇಕು. ಯಕ್ಷಗಾನದ ಹುಡುಗರು ರಫ್ತು ತಮಗೆ ಸಂಬಂಧಿಸಿದ್ದಲ್ಲ ಎಂದು ಬಿಟ್ಟು, ಸೇವ್ ಮಾಡಿದ್ದನ್ನೇ ಫ್ಲೆಕ್ಸ್ ಅಂಗಡಿಗೆ ಕಳಿಸಿದರು. ಅಲ್ಲಿ ತೆರೆಯಲಿಲ್ಲ. ಆಟಕ್ಕೆ ಎರಡೇ ದಿನ ಇತ್ತು. ಕೈಪಿಡಿಯಲ್ಲಿ ಈಗ ‘ಉಳಿಸು’ ಮತ್ತು ‘ಕಳಿಸಲು ತೆಗೆ’ ಎಂದು ಬರೆದಿದ್ದೇನೆ. ಉದ್ದವಾಯಿತು, ಗೊತ್ತು. ಚಿಕ್ಕದು ಇದ್ದರೆ ಕೊಡಿ.

ಬರಹದ ಕಡೆಗೆ ಬಂದರೆ ‘ಟೆಕ್ಸ್ಟ್’ಗೆ ‘ಪಠ್ಯ’ ಎನ್ನುವುದು ನನಗೆ ಹಿಡಿಸುವುದಿಲ್ಲ, ಶಾಲೆಯ ಪುಸ್ತಕ ಕಣ್ಣ ಮುಂದೆ ನಿಲ್ಲುತ್ತದೆ. ಡಿಟಿಪಿ ಅಂಗಡಿಯಲ್ಲಿ ‘ಮ್ಯಾಟರ್ ಕೊಡಿ ಸಾರ್’ ಎನ್ನುತ್ತಾರೆ, ಅದು ಅಚ್ಚುಕೂಟದಿಂದ ಉಳಿದುಬಂದ ಮಾತು. ನಾನು ‘ಬರಹ’ ಎಂದಿದ್ದೇನೆ.

ಸಾಲುಗಳ ನಡುವಿನ ಜಾಗಕ್ಕೆ ಇಂಗ್ಲಿಷಿನಲ್ಲಿ ‘ಲೆಡಿಂಗ್’. ಮೊಳೆ ಜೋಡಿಸುವ ಕಾಲದಲ್ಲಿ ಸಾಲುಗಳ ನಡುವೆ ಇಡುತ್ತಿದ್ದ ಸೀಸದ ಪಟ್ಟಿಯಿಂದ ಬಂದ ಹೆಸರು. ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಜಾಸ್ತಿ ಬೇಕು. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’, ‘ಸ್ತ್ರೀ’ ಬರೆದು ನೋಡಿ, ಎರಡೆರಡು ಒತ್ತು. ಕೆಳಗಿನ ಸಾಲಿನಲ್ಲಿ ‘ಕೀ’ಯೋ ‘ಠಿ’ಯೋ ಇದ್ದರೆ ಗುಡಿಸು ಒತ್ತಿಗೆ ತಾಗುತ್ತದೆ. ಇದಕ್ಕೆ ‘ಸಾಲಿನ ಎಡೆ’, ಅಕ್ಷರಗಳ ನಡುವಿನದಕ್ಕೆ ‘ಅಕ್ಷರದ ಎಡೆ’ ಎಂದಿದ್ದೇನೆ. ಎಡೆ ಇಡುವುದು ಎಂದರೆ ನೈವೇದ್ಯವೂ ಹೌದು, ಆದರೆ ‘ಎಡೆ ಬಿಡದೆ’ ಎನ್ನುವಾಗ ಯಾರಿಗೂ ಗೊಂದಲ ಆಗುವುದಿಲ್ಲವಲ್ಲ.

ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತು ತಾನಾಗೇ ಸರಿಯಾಗಿ ಕೂರುತ್ತದೆ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ನವಿಲು, ಗುಬ್ಬಿ ಫಾಂಟ್‌ಗಳಲ್ಲಿ ನಾವು ಕೆಲಸ ಮಾಡುತ್ತೇವೆ. ಸ್ವಲ್ಪ ಹಳೆಯ ಫೋಟೋಶಾಪ್ ಇರುವವರು ಬರಹದ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್-ರೆಡಿ’ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ‘ಅಕ್ಕ’ ಬರೆದರೆ ‘ಅಕ್‌ಕ’ ಆಗುತ್ತದೆ. ಹಳೆಯ ಆವೃತ್ತಿಗಳ ಈ ಕಾಟಕ್ಕೇ ಎಷ್ಟೋ ಅಂಗಡಿಗಳು ಇಂದಿಗೂ ನುಡಿ, ಶ್ರೀಲಿಪಿ ತಂತ್ರಾಂಶಗಳ ಹಳೆ ಬಗೆಯ, ಯೂನಿಕೋಡ್ ಅಲ್ಲದ ಫಾಂಟ್ ಬಿಟ್ಟಿಲ್ಲ. ಅವರು ‘ಕರ್ವ್ ಮಾಡಿ ಕಳಿಸಿ’ ಎನ್ನುತ್ತಾರೆ. ಬರಹವನ್ನು ಗೆರೆಗಳಾಗಿ ಬದಲಿಸಿ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ. ಆಮೇಲೆ ತಪ್ಪು ಕಂಡರೆ ತಿದ್ದಲಾಗುವುದಿಲ್ಲ, ಹಾಗಾಗಿ ತಿದ್ದಲು ಬರುವ ಪ್ರತಿ ಒಂದನ್ನು ಇಟ್ಟುಕೊಂಡಿರಬೇಕು. ‘ಕರ್ವ್ ಮಾಡು’ ಎನ್ನುವುದನ್ನು ನಾನು ಹಾಗೇ ಉಳಿಸಿದ್ದೇನೆ. ಅಂಗಡಿಯವರ ಹತ್ತಿರ ಮಾತಾಡಬೇಕಾದವರಿಗೆ ಅಂಗಡಿಯ ಮಾತೇ ಬೇಕು.

ಈಗ ನನ್ನ ಪ್ರಶ್ನೆ. ‘ಸವರು’ ಎಂದು ಕೊಂಬೆಗೆ, ಬೇಲಿಗೆ ನಿಮ್ಮ ಕಡೆಯೂ ಹೇಳುತ್ತಾರಾ? ಮೈಸೂರು, ಮಂಡ್ಯ, ಕೋಲಾರದ ಕಡೆ ಆ ಅರ್ಥ ಬಳಕೆಯಲ್ಲಿದೆಯಾ? ಧಾರವಾಡ, ಕಲಬುರಗಿಯಲ್ಲಿ ಮರದ ಸುತ್ತಲಿನದನ್ನು ತೆಗೆದು ಮರ ಉಳಿಸುವುದಕ್ಕೆ ಬೇರೆ ಮಾತು ಇದೆಯಾ? ದರ್ಜಿ ಕೆಲಸದವರು, ಚಿತ್ರಕ್ಕೆ ಕಟ್ಟು ಹಾಕುವವರು, ಪುಸ್ತಕ ಬೈಂಡ್ ಮಾಡುವವರು ಅಂಚು ಒಪ್ಪ ಮಾಡುವುದಕ್ಕೆ ಏನಂತಾರೆ? ಬೈಂಡಿಂಗ್‌ನವರ ಹತ್ತಿರ ಖಂಡಿತ ಒಂದು ಪದ ಇರುತ್ತದೆ ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಕೇಳಿದ ಮಾತನ್ನೇ ಬರೆಯಿರಿ, ನಿಘಂಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ಮುಂದಿನ ಶನಿವಾರ ಮೂರನೇ ಪುಟವನ್ನು ಜೆರಾಕ್ಸ್ ಮಾಡಿಸಬೇಕು, ಅಲ್ಲಿಯತನಕ ಆ ಜಾಗ ಖಾಲಿ ಬಿಟ್ಟಿರುತ್ತೇನೆ.