ಅಪ್‌ಡೇಟ್: ನನ್ನ ಪೋರ್ಟ್‌ಫೋಲಿಯೊ ಈಗ ಎಲ್ಲರಿಗೂ ತೆರೆಯುತ್ತಿದೆ

ನಮಸ್ಕಾರ. ಹತ್ತು ದಿನದ ಹಿಂದೆ ಕೇಳಿದ್ದೆ, ನೆನಪಿದೆ ಅಲ್ವಾ? ಸುರಪುರದ ಹತ್ತಿರ ವಿಜ್ಞಾನ ಕಲಿಸುತ್ತೇನೆ. ಗೂಗಲ್ ಸೈಟ್ಸ್‌ನಲ್ಲಿ (ಗೂಗಲ್‌ನ ವೆಬ್‌ಸೈಟ್ ಮಾಡುವ ಸೇವೆ) ಮಾಡಿದ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ನನ್ನ ಕೆಲಸ ತೋರಿಸುವ ಸೈಟ್‌ನಲ್ಲಿ, ದೀಕ್ಷಾ (ಶಿಕ್ಷಕರ ಆನ್‌ಲೈನ್ ತರಬೇತಿ ಇರುವ ತಾಣ) ಸರ್ಟಿಫಿಕೇಟ್‌ಗಳು ನನಗೆ ಕಾಣುತ್ತಿದ್ದವು, ಬೇರೆ ಯಾರಿಗೂ ತೆರೆಯುತ್ತಿರಲಿಲ್ಲ.

ಆಗ ಉತ್ತರ ಕೊಟ್ಟ ಬೀದರಿನ ಮೇಡಂ ಹೇಳಿದ್ದೇ ಸರಿ. ಸೈಟ್ ಪಬ್ಲಿಷ್ ಮಾಡಿದರೆ ಸಾಲದು. ಗೂಗಲ್ ಡ್ರೈವ್‌ನಲ್ಲಿರುವ ಫೈಲ್‌ಗೂ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಬೇರೆಯಾಗಿ ಅನುಮತಿ ಕೊಡಬೇಕು. ನಾನು ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ, ಆ ಫೋಲ್ಡರ್‌ಗೇ ಅನುಮತಿ ಕೊಟ್ಟೆ. ಆಮೇಲೆ ಇನ್‌ಕಾಗ್ನಿಟೊದಲ್ಲಿ (ನನ್ನ ಖಾತೆಯ ಲಾಗಿನ್ ಇಲ್ಲದ ಬ್ರೌಸರ್ ಕಿಟಕಿ) ತೆರೆದು ನೋಡಿದೆ, ಎಲ್ಲ ಬಂತು. ತುಂಬಾ ಖುಷಿಯಾಯಿತು, ಮೇಡಂ! ಅದಕ್ಕೂ ಮೊದಲು ಬ್ರೌಸರ್ ಬದಲಿಸಿದ್ದರಿಂದ, ಪಿಡಿಎಫ್ ಚಿಕ್ಕದು ಮಾಡಿದ್ದರಿಂದ ಏನೂ ಪ್ರಯೋಜನ ಆಗಿರಲಿಲ್ಲ.

ಗೊತ್ತಿಲ್ಲದ ಇನ್ನೊಂದು ವಿಷಯ ಸಿಕ್ಕಿತು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಪಾಠ ಯೋಜನೆಗಳನ್ನು ಸೈಟಿಗೆ ಅಂಟಿಸಿದರೆ ಕನ್ನಡವೇ ಇಲ್ಲ, ಬರೀ ವಿಚಿತ್ರ ಗುರುತುಗಳು. ಅವನ್ನು ಮೊದಲು ಯೂನಿಕೋಡ್‌ಗೆ (ಎಲ್ಲ ಕಡೆ ಕನ್ನಡ ಸರಿಯಾಗಿ ಕಾಣುವ ಅಕ್ಷರ ಸಂಕೇತ) ಬದಲಿಸಬೇಕು. ಬದಲಿಸಿದ ಮೇಲೂ ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ. ನನಗೆ ಅದಕ್ಕೇ ಜಾಸ್ತಿ ಸಮಯ ಹಿಡಿಯಿತು.

ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದಲ್ವಾ? ಅದಕ್ಕೆ ಮಕ್ಕಳ ಮುಖ ಇರುವ ಫೋಟೊಗಳನ್ನು ತೆಗೆದೆ. ಅವರು ಮಾಡಿದ ಮಾದರಿಗಳ ಫೋಟೊ ಮಾತ್ರ ಇಟ್ಟಿದ್ದೇನೆ.