ಚುನಾವಣೆಯನ್ನೇ ಗೆಲ್ಲಿಸಿಕೊಟ್ಟ ರಷ್ಯಾದ ಧನಿಕರು ನಾಲ್ಕೇ ವರ್ಷದಲ್ಲಿ ಮೂಲೆಗುಂಪಾದದ್ದು ಹೇಗೆ?

ತುಂಗಾತೀರ ಕೇಳಿದ ಪ್ರಶ್ನೆ

ಉಕ್ರೇನ್ ಯುದ್ಧ ಆರಂಭವಾದ 2022ರಿಂದ ಈಚೆಗೆ ನಮ್ಮ ಪತ್ರಿಕೆಗಳಲ್ಲೂ 'ಒಲಿಗಾರ್ಕ್' (ರಾಜಕೀಯದ ಮೇಲೂ ಹಿಡಿತವಿರುವ ಭಾರೀ ಧನಿಕ) ಎಂಬ ಪದ ಮತ್ತೆ ಮತ್ತೆ ಕಾಣಿಸುತ್ತಿದೆ. ಯಾರದೋ ವಿಹಾರನೌಕೆ ಮುಟ್ಟುಗೋಲಾಯಿತು, ರಷ್ಯಾದ ಧನಿಕ ಅಬ್ರಮೋವಿಚ್ ಚೆಲ್ಸಿ ಫುಟ್‌ಬಾಲ್ ತಂಡವನ್ನು ಮಾರಬೇಕಾಯಿತು ಎಂಬ ಸುದ್ದಿಗಳ ಆಚೆಗೆ ವಿವರಣೆ ಸಿಗುವುದು ಕಡಿಮೆ. ನನಗೆ ಬಗೆಹರಿಯದೆ ಉಳಿದಿರುವುದು ಒಂದೇ ವಿಷಯ. 1996ರಲ್ಲಿ ಬೋರಿಸ್ ಯೆಲ್ಟ್ಸಿನ್ ಅವರನ್ನು ಎರಡನೆಯ ಬಾರಿ ಅಧ್ಯಕ್ಷ ಪೀಠದ ಮೇಲೆ ಕೂರಿಸಿದ್ದು ಕೆಲವೇ ಮಂದಿ ಬ್ಯಾಂಕ್ ಮಾಲೀಕರು ಎಂದು ಎಲ್ಲರೂ ಬರೆಯುತ್ತಾರೆ. ಅಷ್ಟು ಬಲವಿದ್ದವರಲ್ಲಿ ಬೆರೆಜೋವ್‌ಸ್ಕಿ ಮತ್ತು ಗುಸಿನ್‌ಸ್ಕಿ ಎಂಬಿಬ್ಬರು, ಪುಟಿನ್ ಅಧ್ಯಕ್ಷರಾಗಿ ಬಂದ 2000ದಲ್ಲೇ ದೇಶ ಬಿಟ್ಟರು. ಇನ್ನೊಬ್ಬರು, ಖೊದೊರ್ಕೊವ್‌ಸ್ಕಿ, 2003ರಲ್ಲಿ ಜೈಲು ಸೇರಿದರು. ಸರ್ಕಾರವನ್ನೇ ಕೊಂಡುಕೊಂಡಿದ್ದರು ಎನ್ನುವುದಾದರೆ ಆ ಸರ್ಕಾರದ ಕೈಯನ್ನು ತಡೆಯಲು ಅವರಿಂದ ಏಕೆ ಆಗಲಿಲ್ಲ?

ಹಳೆಯಪುಟ ಅವರ ಉತ್ತರ

ಉತ್ತರ 1996ರ ಚುನಾವಣೆಯಲ್ಲಿಲ್ಲ, ಅದಕ್ಕೂ ಮೊದಲು 1995ರ ಕೊನೆಯ ಎರಡು ತಿಂಗಳಲ್ಲಿ ನಡೆದ ಹರಾಜುಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಸೋವಿಯತ್ ಒಕ್ಕೂಟ ಮುರಿದ ಮೇಲೆ, 1992ರ ಅಕ್ಟೋಬರ್‌ನಿಂದ, ಪ್ರತಿಯೊಬ್ಬ ಪ್ರಜೆಗೂ ಹತ್ತು ಸಾವಿರ ರೂಬಲ್ ಮುಖಬೆಲೆಯ ಖಾಸಗೀಕರಣದ ಚೀಟಿಯೊಂದನ್ನು ಹಂಚಲಾಯಿತು. ಒಂದು ಚೀಟಿಯ ಬೆಲೆ ಮುಂದೆ ಎರಡು ವೋಲ್ಗಾ ಕಾರುಗಳಷ್ಟಾಗುತ್ತದೆ ಎಂದು ಆ ಖಾತೆ ನೋಡಿಕೊಳ್ಳುತ್ತಿದ್ದ ಅನಾತೊಲಿ ಚುಬಾಯ್ಸ್ ಹೇಳಿದ್ದರು. ಹಣದುಬ್ಬರ ರೂಬಲ್ಲನ್ನು ನುಂಗಿಹಾಕಿದ ಆ ದಿನಗಳಲ್ಲಿ ಬಹಳಷ್ಟು ಜನ ಚೀಟಿಯನ್ನು ಪುಡಿಗಾಸಿಗೆ ಮಾರಿಕೊಂಡರು. ಆದರೂ ನಿಜವಾದ ಸಂಪತ್ತು, ಅಂದರೆ ತೈಲ ಮತ್ತು ಲೋಹದ ದೊಡ್ಡ ಕಂಪನಿಗಳು, ಸರ್ಕಾರದ ಕೈಯಲ್ಲೇ ಉಳಿದಿದ್ದವು.

1995ರ ಹೊತ್ತಿಗೆ ಬೊಕ್ಕಸ ಬರಿದಾಗಿತ್ತು. ಆಗ ವ್ಲಾದಿಮಿರ್ ಪೊತಾನಿನ್ ಎಂಬ ಬ್ಯಾಂಕರ್ ಒಂದು ಯೋಜನೆಯನ್ನು ಮುಂದಿಟ್ಟರು: ಈ ಕಂಪನಿಗಳ ಷೇರುಗಳನ್ನು ಸರ್ಕಾರ ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ಪಡೆಯಲಿ, ಸಾಲ ತೀರಿಸಲಾಗದಿದ್ದರೆ ಬ್ಯಾಂಕುಗಳು ಷೇರು ಮಾರಿಕೊಳ್ಳಲಿ. ಸಾಲ ತೀರಿಸುವ ಹಣ ಸರ್ಕಾರದ ಬಳಿ ಇರಲೇ ಇಲ್ಲ. ಇನ್ನು ಸಾಲ ಕೊಟ್ಟ ಬ್ಯಾಂಕುಗಳೋ, ಸರ್ಕಾರದ ಹಣವನ್ನೇ ಠೇವಣಿಯಾಗಿ ಇಟ್ಟುಕೊಂಡು ಬೆಳೆದಿದ್ದವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಒಂದು ಹರಾಜನ್ನು ಹತ್ತಿರದಿಂದ ನೋಡಿದರೆ ಸಾಕು. 1995ರ ನವೆಂಬರ್ 17ರಂದು ನೊರಿಲ್ಸ್ಕ್ ನಿಕಲ್ ಕಂಪನಿಯ ಶೇ 38ರಷ್ಟು ಷೇರುಗಳು ಹರಾಜಿಗೆ ಬಂದವು. ಸರ್ಕಾರದ ಆರಂಭಿಕ ಬೆಲೆ 17 ಕೋಟಿ ಡಾಲರ್. ಹರಾಜು ನಡೆಸಿದ್ದು ಪೊತಾನಿನ್ ಅವರ ಬ್ಯಾಂಕ್. ಗೆದ್ದದ್ದೂ ಅದೇ ಬ್ಯಾಂಕ್, ಆರಂಭಿಕ ಬೆಲೆಗಿಂತ ಒಂದು ಲಕ್ಷ ಡಾಲರ್ ಹೆಚ್ಚಿಗೆ ಕೊಟ್ಟು. ಅದರ ಎರಡರಷ್ಟು, ಅಂದರೆ 35.5 ಕೋಟಿ ಡಾಲರ್ ಕೊಡಲು ಬಂದ ಪ್ರತಿಸ್ಪರ್ಧಿ ಬ್ಯಾಂಕನ್ನು 'ನಿಮ್ಮ ಬಂಡವಾಳಕ್ಕಿಂತ ಬಿಡ್ ದೊಡ್ಡದಾಯಿತು' ಎಂದು ಹೊರಗಿಡಲಾಯಿತು. ಸೈಬೀರಿಯಾದ ಸುರ್ಗುತ್‌ನಲ್ಲಿ ತೈಲ ಕಂಪನಿಯ ಹರಾಜು ನಡೆದ ದಿನ ಅಲ್ಲಿನ ವಿಮಾನ ನಿಲ್ದಾಣವೇ ಮುಚ್ಚಿತ್ತು, ಹೊರಗಿನ ಸ್ಪರ್ಧಿಗಳು ಬರುವಂತೆಯೇ ಇರಲಿಲ್ಲ! ತೈಲ ಕಂಪನಿಗಳಲ್ಲಿ ಯೂಕೊಸ್ ಮಿಖಾಯಿಲ್ ಖೊದೊರ್ಕೊವ್‌ಸ್ಕಿ ಅವರ ಪಾಲಾಯಿತು, ಸಿಬ್‌ನೆಫ್ಟ್ ಸುಮಾರು ಹತ್ತು ಕೋಟಿ ಡಾಲರಿಗೆ ಬೆರೆಜೋವ್‌ಸ್ಕಿ ಮತ್ತು ಅಬ್ರಮೋವಿಚ್ ಅವರದಾಯಿತು. ಅದೇ ಸಿಬ್‌ನೆಫ್ಟ್‌ನ ಮುಕ್ಕಾಲು ಪಾಲಿಗೆ 2005ರಲ್ಲಿ ಸರ್ಕಾರಿ ಅನಿಲ ಕಂಪನಿ ಗ್ಯಾಜ್‌ಪ್ರಾಮ್ 1,300 ಕೋಟಿ ಡಾಲರ್ ತೆತ್ತಿತು.

ಈಗ ದಿನಾಂಕಗಳನ್ನು ಗಮನಿಸಿ. ಅಡವಿನ ಅವಧಿ ಮುಗಿದು ಷೇರು ಮಾರಿಕೊಳ್ಳಲು ಅವಕಾಶವಾಗುವುದು 1996ರ ಸೆಪ್ಟೆಂಬರ್‌ನಲ್ಲಿ, ಚುನಾವಣೆ ಜೂನ್‌ನಲ್ಲಿ. ಕಮ್ಯುನಿಸ್ಟ್ ಅಭ್ಯರ್ಥಿ ಜ್ಯುಗಾನೊವ್ ಗೆದ್ದರೆ ಅಡವಿಟ್ಟ ಷೇರು ಕೈತಪ್ಪುವುದು ಖಚಿತವಾಗಿತ್ತು. ಆದ್ದರಿಂದ ಅವರು ಯೆಲ್ಟ್ಸಿನ್ ಅವರನ್ನು ಕೊಂಡುಕೊಂಡರು ಎನ್ನುವುದಕ್ಕಿಂತ ಯೆಲ್ಟ್ಸಿನ್ ಗೆಲ್ಲದೆ ಅವರಿಗೆ ಉಳಿಗಾಲವಿರಲಿಲ್ಲ ಎನ್ನುವುದೇ ಸರಿ.

ಕೃಷ್ಣಮೃಗ ಅವರ ಉತ್ತರ

ಹಳೆಯಪುಟ ಅವರ ವಿವರಣೆಗೆ ಚುನಾವಣೆಯ ಕಥೆಯನ್ನು ಸೇರಿಸುತ್ತೇನೆ, ಏಕೆಂದರೆ ಹಣಕ್ಕಿಂತ ಟೀವಿಯ ಪಾತ್ರ ಅಲ್ಲಿ ದೊಡ್ಡದು. 1996ರ ಆರಂಭದಲ್ಲಿ ಯೆಲ್ಟ್ಸಿನ್ ಜನಬೆಂಬಲ ಒಂದಂಕಿಗೆ ಇಳಿದಿತ್ತು. ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ನಡೆದ ಜಾಗತಿಕ ಆರ್ಥಿಕ ಸಮಾವೇಶದಲ್ಲಿ ಬ್ಯಾಂಕ್ ಮಾಲೀಕರು ತಮ್ಮತಮ್ಮೊಳಗಿನ ಜಗಳವನ್ನು ಬದಿಗಿಟ್ಟು ಒಂದಾದರು. ದೊಡ್ಡ ವಾಹಿನಿಗಳಲ್ಲಿ ಒಆರ್‌ಟಿ ಬೆರೆಜೋವ್‌ಸ್ಕಿ ಹಿಡಿತದಲ್ಲಿತ್ತು, ಎನ್‌ಟಿವಿ ವ್ಲಾದಿಮಿರ್ ಗುಸಿನ್‌ಸ್ಕಿ ಅವರದು. ಎನ್‌ಟಿವಿಯ ಮುಖ್ಯಸ್ಥರು ಹುದ್ದೆ ಬಿಡದೆಯೇ ಯೆಲ್ಟ್ಸಿನ್ ಪ್ರಚಾರ ತಂಡವನ್ನು ಸೇರಿದರು. ಮತದಾನದ ಎರಡು ಸುತ್ತುಗಳ ನಡುವೆ ಯೆಲ್ಟ್ಸಿನ್ ಅವರಿಗೆ ಹೃದಯಾಘಾತವಾದ ಸಂಗತಿಯೂ ಮತದಾರರಿಂದ ಮುಚ್ಚಿಡಲ್ಪಟ್ಟಿತು.

ಜೂನ್ 19ರ ರಾತ್ರಿ ಪ್ರಚಾರ ತಂಡದ ಇಬ್ಬರು ಮಾಸ್ಕೋದ ಸರ್ಕಾರಿ ಭವನದಿಂದ ಹೊರಬರುವಾಗ ಸಿಕ್ಕಿಬಿದ್ದರು. ಅವರ ಕೈಯಲ್ಲಿದ್ದ ಜೆರಾಕ್ಸ್ ಕಾಗದದ ರಟ್ಟಿನ ಪೆಟ್ಟಿಗೆಯಲ್ಲಿ 5,38,000 ಡಾಲರ್ ನಗದಿತ್ತು. ಬೆಳಗಾಗುವಷ್ಟರಲ್ಲಿ ಅವರಿಬ್ಬರೂ ಬಿಡುಗಡೆಯಾದರು. ಕೆಲಸ ಕಳೆದುಕೊಂಡವರು ಹಿಡಿಸಿದ ಕೊರ್ಜಾಕೊವ್, ಅಂದರೆ ಅಧ್ಯಕ್ಷರ ಭದ್ರತಾ ಮುಖ್ಯಸ್ಥರು. ಜುಲೈ 3ರ ಎರಡನೆಯ ಸುತ್ತಿನಲ್ಲಿ ಯೆಲ್ಟ್ಸಿನ್ ಸುಮಾರು ಶೇ 54ರಷ್ಟು ಮತ ಪಡೆದರು. ಆಗಸ್ಟ್‌ನಲ್ಲಿ ಪೊತಾನಿನ್ ಉಪ ಪ್ರಧಾನಿ, ಅಕ್ಟೋಬರ್‌ನಲ್ಲಿ ಬೆರೆಜೋವ್‌ಸ್ಕಿ ಭದ್ರತಾ ಮಂಡಳಿಯ ಉಪ ಕಾರ್ಯದರ್ಶಿ. ಏಳು ಬ್ಯಾಂಕರುಗಳ ಈ ಆಳ್ವಿಕೆಗೆ ರಷ್ಯನ್ನರು, 1610ರ ಏಳು ಸರದಾರರ ಆಡಳಿತವನ್ನು ನೆನಪಿಸಿಕೊಂಡು, 'ಸೆಮಿಬಾಂಕಿರ್‌ಷಿನಾ' ಎಂದು ಹೆಸರಿಟ್ಟರು.

ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ಆದರೆ ನನ್ನ ಪ್ರಶ್ನೆಯ ಎರಡನೆಯ ಅರ್ಧ ಇನ್ನೂ ಹಾಗೆಯೇ ಇದೆ. ಟೀವಿ, ತೈಲ, ಹುದ್ದೆ ಎಲ್ಲವೂ ಕೈಯಲ್ಲಿದ್ದವರು ಸೋತದ್ದು ಹೇಗೆ?

ಅಡಿಕೆತೋಟ ಅವರ ಉತ್ತರ

ರಷ್ಯನ್ ಭಾಷೆಯ 'ಕ್ರಿಶಾ' ಎಂಬ ಒಂದು ಪದದಲ್ಲಿ ಉತ್ತರವಿದೆ. ಅದರ ಅರ್ಥ ಮನೆಯ ಮಾಡು, ಸೂರು. ವ್ಯವಹಾರದ ಭಾಷೆಯಲ್ಲಿ, ನಿಮ್ಮ ಆಸ್ತಿಯನ್ನು ಕಾಪಾಡುವ ಬಲಾಢ್ಯನ ಆಶ್ರಯ. 2011ರಲ್ಲಿ ಬೆರೆಜೋವ್‌ಸ್ಕಿ ಸಿಬ್‌ನೆಫ್ಟ್‌ನಲ್ಲಿ ತಮಗೂ ಪಾಲಿತ್ತೆಂದು ಲಂಡನ್ನಿನ ನ್ಯಾಯಾಲಯದಲ್ಲಿ ಅಬ್ರಮೋವಿಚ್ ವಿರುದ್ಧ ನೂರಾರು ಕೋಟಿ ಡಾಲರುಗಳ ದಾವೆ ನಡೆಸಿದಾಗ, ಅಬ್ರಮೋವಿಚ್ ಕೊಟ್ಟ ಉತ್ತರ ಇದೇ: ಅವರು ಪಾಲುದಾರರಲ್ಲ, ನಾನು ಅವರಿಗೆ ಕೊಟ್ಟದ್ದೆಲ್ಲ ಸೂರಿನ ಬಾಡಿಗೆ. 2012ರಲ್ಲಿ ನ್ಯಾಯಾಲಯ ಈ ಮಾತನ್ನೇ ಒಪ್ಪಿತು. ಕಾಗದಪತ್ರದಿಂದಲ್ಲದೆ ಕ್ರೆಮ್ಲಿನ್ನಿನ ಕೃಪೆಯಿಂದ ಬಂದ ಆಸ್ತಿಗೆ, ಸೂರು ಹಾರಿಹೋದ ದಿನ ಗೋಡೆಯೂ ಇರುವುದಿಲ್ಲ.

ಪುಟಿನ್ ಅವರನ್ನು ಮೇಲೆ ತರಲು 1999ರಲ್ಲಿ ದುಡಿದದ್ದೂ ಬೆರೆಜೋವ್‌ಸ್ಕಿ ಅವರ ವಾಹಿನಿಯೇ ಎಂಬುದು ಈ ಕಥೆಯ ಕುಹಕ. 2000ದ ಜೂನ್‌ನಲ್ಲಿ ಗುಸಿನ್‌ಸ್ಕಿ ಬಂಧನವಾಯಿತು. ಮಾಧ್ಯಮ ಕಂಪನಿಯನ್ನು ಗ್ಯಾಜ್‌ಪ್ರಾಮ್‌ಗೆ ಬಿಟ್ಟುಕೊಟ್ಟರೆ ಮೊಕದ್ದಮೆ ಕೈಬಿಡುವುದಾಗಿ ಒಪ್ಪಂದಕ್ಕೆ ಅನುಬಂಧವೊಂದನ್ನು ಸೇರಿಸಿ, ಅದಕ್ಕೆ ಸಚಿವರೇ ಸಹಿ ಹಾಕಿದ್ದರು. ಆ ಕಾಗದ ಮುಂದೆ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ 2004ರ ತೀರ್ಪಿನಲ್ಲಿ ದಾಖಲಾಯಿತು. ಖೊದೊರ್ಕೊವ್‌ಸ್ಕಿ 2003ರ ಫೆಬ್ರವರಿಯಲ್ಲಿ ಕ್ಯಾಮೆರಾಗಳ ಎದುರಿಗೇ ಪುಟಿನ್ ಮುಂದೆ ಸರ್ಕಾರಿ ಭ್ರಷ್ಟಾಚಾರದ ಮಾತೆತ್ತಿದರು. ಅಕ್ಟೋಬರ್‌ನಲ್ಲಿ ನೊವೊಸಿಬಿರ್ಸ್ಕ್ ವಿಮಾನ ನಿಲ್ದಾಣದಲ್ಲಿ ಅವರ ಬಂಧನವಾಯಿತು. ಜನ ಬೀದಿಗಿಳಿಯಲಿಲ್ಲ. 1995ರ ಹರಾಜನ್ನು ಕಂಡವರು ಯಾರಿಗಾಗಿ ಇಳಿಯಬೇಕಿತ್ತು? ಯಾರೂ ಬಾಯಿ ಬಿಡದೆ ಕುಳಿತದ್ದಕ್ಕೆ ಭಯಕ್ಕಿಂತ ಮೊದಲು ಇದೇ ಕಾರಣ ಎಂದು ನನಗೆ ಅನಿಸುತ್ತದೆ.

ಆದರೆ ಒಲಿಗಾರ್ಕರ ಕಾಲ ಅಲ್ಲಿಗೆ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಬಾಯಿ ಮುಚ್ಚಿಕೊಂಡ ಪೊತಾನಿನ್ ನೊರಿಲ್ಸ್ಕ್ ನಿಕಲ್‌ನ ಒಡೆತನದಲ್ಲೇ ಉಳಿದರು.

ಹಳೆಯಪುಟ

ಅಡಿಕೆತೋಟ ಅವರ ಮಾತನ್ನು ಒಪ್ಪುತ್ತೇನೆ. ನನ್ನ ಉತ್ತರದಲ್ಲಿ ಬಿಟ್ಟುಹೋದದ್ದು ಇದೇ ಕೊಂಡಿ. ಯೂಕೊಸ್‌ನ ಮುಖ್ಯ ತೈಲ ಘಟಕವಾದ ಯುಗಾನ್‌ಸ್ಕ್‌ನೆಫ್ಟೆಗಾಸ್ ಕೂಡ 2004ರ ಡಿಸೆಂಬರ್ 19ರಂದು ಹರಾಜಾಯಿತು. ಗೆದ್ದದ್ದು ಕೆಲವೇ ದಿನಗಳ ಹಿಂದೆ ಟ್ವೇರ್ ನಗರದಲ್ಲಿ ನೋಂದಾಯಿಸಲ್ಪಟ್ಟಿದ್ದ, ಯಾರೂ ಹೆಸರು ಕೇಳಿರದ ಒಂದು ಕಂಪನಿ, 935 ಕೋಟಿ ಡಾಲರಿಗೆ. ಆ ಕಂಪನಿಯನ್ನು ಕೆಲವೇ ದಿನಗಳಲ್ಲಿ ಸರ್ಕಾರಿ ಸ್ವಾಮ್ಯದ ರಾಸ್‌ನೆಫ್ಟ್ ಕೊಂಡುಕೊಂಡಿತು. ಹರಾಜಿನ ವಿಧಾನ 1995ರದ್ದೇ. ಆಸ್ತಿ ಹೋದ ದಿಕ್ಕು ಮಾತ್ರ ಬೇರೆ.

ಆ ಘಟಕದಿಂದ ದೈತ್ಯನಾಗಿ ಬೆಳೆದ ರಾಸ್‌ನೆಫ್ಟ್ 2017ರಲ್ಲಿ ಗುಜರಾತಿನ ವಾಡಿನಾರ್ ಶುದ್ಧೀಕರಣಾಗಾರ ಹೊಂದಿದ್ದ ಎಸ್ಸಾರ್ ಆಯಿಲ್‌ನ ಶೇ 49.13ರಷ್ಟು ಪಾಲನ್ನು ಖರೀದಿಸಿತು. ಈಗ ಅದರ ಹೆಸರು ನಯಾರಾ ಎನರ್ಜಿ. ನಮ್ಮೂರಿನ ಬೈಪಾಸಿನಲ್ಲಿ ಅದರ ಬಂಕ್ ಇದೆ. ಕಳೆದ ವಾರ ಅಲ್ಲಿಯೇ ಐನೂರು ರೂಪಾಯಿಯ ಪೆಟ್ರೋಲ್ ಹಾಕಿಸಿದೆ.