ಕೆರೆಯ ಕುರಿತ ನನ್ನ ಚಿತ್ರಗಳು ಭಿತ್ತಿಪತ್ರದಂತೆ ಕಾಣುತ್ತಿವೆ, ಏನು ಮಾಡಲಿ?

ಕೋಡಿಹಳ್ಳದವಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬಿವಿಎ (ದೃಶ್ಯಕಲಾ ಪದವಿ) ಕೊನೆಯ ವರ್ಷದ ಗ್ರಾಫಿಕ್ಸ್, ಅಂದರೆ ಅಚ್ಚುಕಲೆಯ ವಿದ್ಯಾರ್ಥಿನಿ, ಊರು ಕೋಲಾರದ ಕಡೆಯದು. ಜೀವನದಿಯ ಆಸರೆಯಿಲ್ಲದ, ಸಾವಿರ ಅಡಿ ಕೊರೆಸಿದರೂ ಎಷ್ಟೋ ಬೋರ್‌ವೆಲ್‌ಗಳಲ್ಲಿ ಬರೀ ದೂಳೇಳುತ್ತಿದ್ದ ನಮ್ಮ ಸೀಮೆಗೆ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ನಮ್ಮೂರ ಕೆರೆ ತುಂಬಿದೆ, ಬತ್ತಿದ ಬೋರ್‌ವೆಲ್‌ಗಳು ಮತ್ತೆ ನೀರೆತ್ತುತ್ತಿವೆ. ಆದರೂ ನಮ್ಮಜ್ಜಿ ಆ ಕೆರೆಯ ನೀರಿಗೆ ಕೈಯದ್ದುವುದಿಲ್ಲ.

ಅಂತಿಮ ಪ್ರದರ್ಶನಕ್ಕೆ ಇದನ್ನೇ ವಿಷಯವಾಗಿಟ್ಟುಕೊಂಡು ವುಡ್‌ಕಟ್ (ಮರದ ಹಲಗೆಯಲ್ಲಿ ಕೆತ್ತಿ ಒತ್ತುವ ಅಚ್ಚು) ಸರಣಿಯೊಂದನ್ನು ಮಾಡಿದ್ದೇನೆ: ನೊರೆಯಲ್ಲಿ ತೇಲುವ ಸತ್ತ ಮೀನು, ನಲ್ಲಿಯಿಂದ ಉದುರುವ ತಲೆಬುರುಡೆ, ಬಿರುಕುಬಿಟ್ಟ ನೆಲದಲ್ಲಿ ಕೈಮುಗಿದು ನಿಂತ ರೈತ. ಇವು ಪರಿಸರ ದಿನಾಚರಣೆಯ ಭಿತ್ತಿಪತ್ರಗಳಂತಿವೆ ಎಂದು ನಮ್ಮ ಗೈಡ್ ಹೇಳಿದರು. ಅಷ್ಟು ಹತ್ತಿರದಿಂದ ಕಂಡದ್ದು ಕಾಗದಕ್ಕೆ ಬಂದೊಡನೆ ಇನ್ನೊಬ್ಬರ ಮಾತಿನಂತೆ ಕೇಳಿಸುವುದೇಕೆ? ಇನ್ನೊಂದು ಸಂದೇಹವೂ ಇದೆ. ನಮ್ಮೂರಿನ ನೀರಗಂಟಿ ಮನೆತನದ ಹಿರಿಯರೊಬ್ಬರ ಭಾವಚಿತ್ರವನ್ನು ಸೇರಿಸಬೇಕೆಂದಿದ್ದೇನೆ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ಕೆಲಸವೇ ಈಗ ಅವರಿಗೆ ಉಳಿದಿಲ್ಲ. ಅವರ ಪಾಡನ್ನು ನನ್ನ ಅಂಕಗಳಿಗಾಗಿ ಬಳಸಿಕೊಂಡಂತೆ ಆಗುವುದೇ?

ಮಸಿಹತ್ತಿದಕೈ:

ನಿಮ್ಮ ಪ್ರಶ್ನೆಯಲ್ಲಿರುವ ಅಜ್ಜಿ ನಿಮ್ಮ ಚಿತ್ರಗಳಲ್ಲಿಲ್ಲ. ತಲೆಬುರುಡೆಯನ್ನು ಯಾವ ಊರಿನ ಕೆರೆಗೆ ಬೇಕಾದರೂ ಅಂಟಿಸಬಹುದು. ತುಂಬಿದ ಕೆರೆಯ ಮುಂದೆ ಕೈ ಹಿಂದಕ್ಕೆಳೆದುಕೊಳ್ಳುವ ಮುದುಕಿ ಮಾತ್ರ ನಿಮ್ಮವರು. ನೀರು ಬಂದ ಸಂತೋಷ, ಬಂದ ನೀರಿನ ಬಗೆಗಿನ ಅಳುಕು ಎರಡೂ ಒಂದೇ ಹಾಳೆಯ ಮೇಲೆ ನಿಲ್ಲಬೇಕು. ಘೋಷಣೆಯಿಂದ ಆ ಕೆಲಸವಾಗದು, ಏಕೆಂದರೆ ಅದು ಯಾವುದಾದರೂ ಒಂದು ಪಕ್ಷವನ್ನು ಹಿಡಿಯಲೇಬೇಕಾಗುತ್ತದೆ.

ವಸ್ತುವೇ ಮಾತಾಡುವಂತೆ ಮಾಡುವ ದಾರಿಯೊಂದಿದೆ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು 1990ರ ದಶಕದಲ್ಲಿ ಕ್ಯಾನ್ವಾಸಿನಿಂದ ಸರಿದು ಸಗಣಿಯನ್ನೂ ಕುಂಕುಮ ಮೆತ್ತಿದ ದಾರವನ್ನೂ ಕೈಗೆತ್ತಿಕೊಂಡಾಗ, ಹೆಂಗಸರ ದುಡಿಮೆಯ ಬಗ್ಗೆ ಬೇರೆ ಶೀರ್ಷಿಕೆಯ ಅಗತ್ಯವೇ ಬೀಳಲಿಲ್ಲ. ನಿಮ್ಮ ಕೆರೆಯ ತೂಬಿನ ಕಲ್ಲುಗಳನ್ನೇ ಅಚ್ಚಿನ ಪ್ಲೇಟ್ ಎಂದು ತಿಳಿಯಿರಿ. ಶಾಸನಗಳ ಪಡಿಯಚ್ಚು ತೆಗೆಯುವವರು ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್‌ನಿಂದ ಬಡಿದು ಕುಳಿಗಳೊಳಗೆ ಕೂರಿಸಿ, ಆಮೇಲೆ ಮಸಿಯುಂಡೆಯಿಂದ ಮೆಲ್ಲಗೆ ತಟ್ಟುತ್ತಾರೆ. ತಗ್ಗುಗಳು ಬಿಳಿಯಾಗಿ ಉಳಿದು ಉಬ್ಬುಗಳು ಮಾತ್ರ ಕಪ್ಪಾಗುತ್ತವೆ. ಆ ಕಾಗದವನ್ನು ಅದೇ ಕೆರೆಯ ನೀರಿನಲ್ಲಿ ನೆನೆಸಿ, ಆದರೆ ಕೈಗವಸು ಹಾಕಿಕೊಳ್ಳಿ. ಬೇರೆ ಬೇರೆ ತಿಂಗಳ ನೀರಿನಲ್ಲಿ ನೆನೆದ ಹಾಳೆಗಳು ಒಣಗಿದ ಮೇಲೆ ಅಂಚಿನಲ್ಲಿ ಒಂದೇ ಬಗೆಯ ಕಲೆ ಉಳಿಯಬೇಕೆಂದಿಲ್ಲ. ಕಲೆ ಬೀಳದಿದ್ದರೆ ಅದನ್ನೂ ಹಾಗೆಯೇ ತೋರಿಸಿ, ಬಣ್ಣ ಹಚ್ಚಿ ಕೆಡಿಸಬೇಡಿ.

ಒಳಚರಂಡಿ_ಎಂಜಿನಿಯರ್:

ಕಲೆಯ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ, ನೀರಿನ ಬಗ್ಗೆ ಹೇಳುತ್ತೇನೆ. ಸತ್ತ ಮೀನನ್ನು ನಿಮ್ಮ ಕೆರೆಯಲ್ಲಿ ನೀವೇ ಕಂಡಿರದಿದ್ದರೆ ದಯವಿಟ್ಟು ತೆಗೆಯಿರಿ. 2017 ಮತ್ತು 2018ರಲ್ಲಿ ಬೆಂಕಿ ಹೊತ್ತಿಕೊಂಡದ್ದು ಬೆಂಗಳೂರಿನ ಬೆಳ್ಳಂದೂರು ಕೆರೆಗೆ. ಅಲ್ಲಿನ ನೊರೆಗೆ ಶುದ್ಧೀಕರಣವಾಗದೆ ಸೇರಿದ ಕೊಳಚೆ ಮತ್ತು ಡಿಟರ್ಜೆಂಟ್ ಕಾರಣ. ಕೋಲಾರಕ್ಕೆ ಪಂಪ್ ಆಗುವುದು ಎರಡನೇ ಹಂತದ ಶುದ್ಧೀಕರಣ ಮುಗಿಸಿದ ನೀರು. ಹಾಗೆಂದು ಜನರ ಅಳುಕು ಕಟ್ಟುಕಥೆಯಲ್ಲ. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟ್ ಮೆಟ್ಟಿಲೇರಿತ್ತು. ಎರಡನೇ ಹಂತವು ಮುಖ್ಯವಾಗಿ ಸೂಕ್ಷ್ಮಾಣುಜೀವಿಗಳಿಂದ ಸಾವಯವ ಕಲ್ಮಶವನ್ನು ತಿನ್ನಿಸುವ ಕ್ರಮವಾದ್ದರಿಂದ ಕರಗಿದ ಲೋಹ, ಸಾರಜನಕ, ರಂಜಕಗಳ ಮೇಲೆ ಅದರ ಹಿಡಿತ ಕಡಿಮೆ, ಮೂರನೇ ಹಂತವೂ ಬೇಕೆಂಬ ಬೇಡಿಕೆ ಹುಟ್ಟಿದ್ದು ಇದರಿಂದಲೇ. ಈ ನೀರು ಇರುವುದು ಅಂತರ್ಜಲ ಮರುಪೂರಣಕ್ಕೆ, ಕೆರೆಗೆ ನೇರವಾಗಿ ಮೋಟಾರ್ ಇಟ್ಟು ಎತ್ತುವಂತಿಲ್ಲ. ನೀರಗಂಟಿಯವರಿಗೆ ಕೆಲಸವಿಲ್ಲದಿರುವುದಕ್ಕೆ ಇದನ್ನೂ ಒಂದು ಕಾರಣವಾಗಿ ಗಮನಿಸಿ.

ಒಂದು ಮಾತು ಕೇಳಬಹುದೇ? ಎಚಿಂಗ್ (ಲೋಹದ ಪ್ಲೇಟನ್ನು ಆಸಿಡ್‌ನಿಂದ ಕೊರೆದು ಅಚ್ಚು ತೆಗೆಯುವುದು) ಮಾಡುವಾಗ ಆಸಿಡ್‌ನಿಂದ ತೆಗೆದ ಸತುವಿನ ಪ್ಲೇಟನ್ನು ಎಲ್ಲಿ ತೊಳೆಯುತ್ತೀರಿ? ನಿಮ್ಮ ಕಾಲೇಜು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಗಿದ್ದರೆ, ಆ ಸಿಂಕ್‌ನ ನೀರು ಶುದ್ಧೀಕರಣ ಘಟಕವನ್ನು ಹಾದು ನಿಮ್ಮೂರ ಕೆರೆಗೇ ಹೋಗುತ್ತಿರಬಹುದು.

ಗೋಡೆಬರಹ:

ಭಿತ್ತಿಪತ್ರ ಎಂಬುದನ್ನು ಬೈಗುಳದಂತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನು ಕೂರಿಸಿದಾಗ ಅದರಲ್ಲಿ ಗೂಢಾರ್ಥವೇನೂ ಇರಲಿಲ್ಲ, ಆದರೆ ಗುಂಡಿ ಮುಚ್ಚಿತು. ಆ ಮೊಸಳೆ ಗೆದ್ದದ್ದು ಅದೇ ಗುಂಡಿಯಲ್ಲಿ, ಅದೇ ನೀರಿನಲ್ಲಿ ಕೂತಿದ್ದರಿಂದ. ನಿಮ್ಮ ವುಡ್‌ಕಟ್‌ಗಳು ಕಾಲೇಜಿನ ಗ್ಯಾಲರಿಯಲ್ಲಿ ಯಾರಿಗೆ ಏನು ಮಾಡಿ ಎನ್ನುತ್ತಿವೆ? ಭಿತ್ತಿಪತ್ರವನ್ನೇ ಮಾಡುವುದಾದರೆ ಶುದ್ಧೀಕರಣದ ಮೂರನೇ ಹಂತ ಬೇಕೆಂದು ದೊಡ್ಡಕ್ಷರದಲ್ಲಿ ಕೆತ್ತಿ, ತಾಲ್ಲೂಕು ಕಚೇರಿಯ ಎದುರು ಅಂಟಿಸಿ.

ಕೋಡಿಹಳ್ಳದವಳು:

ಸಿಂಕ್‌ನ ಮಾತು ಹೊಳೆದೇ ಇರಲಿಲ್ಲ. ನಕ್ಷೆಯಲ್ಲಿ ನೋಡಿದೆ, ನಮ್ಮ ಕಾಲೇಜು ಅದೇ ಕಣಿವೆಯಲ್ಲಿದೆ. ಮೀನನ್ನೂ ಬುರುಡೆಯನ್ನೂ ಕೈಬಿಟ್ಟು ಪಡಿಯಚ್ಚಿನಿಂದ ಮತ್ತೆ ಆರಂಭಿಸುತ್ತೇನೆ. ಪ್ಲೇಟ್ ತೊಳೆದ ನೀರನ್ನು ಚರಂಡಿಗೆ ಬಿಡದೆ ಗಾಜಿನ ಭರಣಿಗಳಲ್ಲಿ ಕೂಡಿಟ್ಟು ಹಾಳೆಗಳ ಪಕ್ಕದಲ್ಲಿಯೇ ಇಡಬಹುದೇ?

ಮಸಿಹತ್ತಿದಕೈ:

ಇಡಬಹುದು, ಮುಚ್ಚಳ ಭದ್ರವಾಗಿರಲಿ. ಪ್ರದರ್ಶನ ಮುಗಿದ ಮೇಲೆ ಅದನ್ನು ಎಲ್ಲಿಗೆ ಒಪ್ಪಿಸಬೇಕೆಂದು ಎಂಜಿನಿಯರ್ ಅವರನ್ನೇ ಕೇಳಿ. ನೀರಗಂಟಿಯವರ ಭಾವಚಿತ್ರಕ್ಕೆ ಅವಸರ ಬೇಡ. ಯಾವ ಕಲ್ಲಿನವರೆಗೆ ನೀರು ನಿಂತರೆ ಎಷ್ಟು ಗದ್ದೆಗೆ ಸಾಕಾಗುತ್ತಿತ್ತೆಂಬುದು ಅವರಿಗೆ ಗೊತ್ತಿರುತ್ತದೆ. ಯಾವ ಕಲ್ಲುಗಳ ಅಚ್ಚು ತೆಗೆಯಬೇಕೆಂದು ಅವರೇ ಆರಿಸಲಿ, ಆ ದಿನದ ಕೂಲಿಯನ್ನು ಕೊಡಿ, ಒಪ್ಪಿದರೆ ಹಾಳೆಯ ಕೆಳಗೆ ನಿಮ್ಮ ಹೆಸರಿನ ಜೊತೆ ಅವರ ಹೆಸರನ್ನೂ ಬರೆಯಿರಿ. ಮುಖ ಬೇಕೋ ಬೇಡವೋ ಎಂಬುದನ್ನು ಆಮೇಲೆ ಇಬ್ಬರೂ ಕೂತು ತೀರ್ಮಾನಿಸಬಹುದು.